ಓದುಗರ ಪ್ರಶ್ನೆ: ಎಂಟರ್‌ಪ್ರೈಸ್ ಹಡಗಿನ ಹಳೇ ಲೆಕ್ಕ, ಹೊಸ ಲೆಕ್ಕ

‘ಸ್ಟಾರ್ ಟ್ರೆಕ್: ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಎಂಬ ಬಾಹ್ಯಾಕಾಶ ಕಥೆಯ ಟಿವಿ ಸರಣಿಯ ಬಗ್ಗೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ತಕರಾರುಗಳೇ. 2022ರಲ್ಲಿ ಶುರುವಾಗಿ 2025ರ ಹೊತ್ತಿಗೆ ಮೂರು ಸೀಸನ್, ಮೂವತ್ತು ಕಂತು ಮುಗಿಸಿದ ಈ ಸರಣಿಯ ಕಥೆ ನಡೆಯುವುದು 1966ರ ಮೂಲ ಸರಣಿಯ ಕಾಲಕ್ಕಿಂತ ಕೆಲವು ವರ್ಷ ಹಿಂದೆ. ಅಂತರಿಕ್ಷ ಹಡಗು ಅದೇ ಎಂಟರ್‌ಪ್ರೈಸ್, ಅದರ ಅಧಿಕಾರಿ ಸ್ಪಾಕ್ ಅವನೇ; ಕ್ಯಾಪ್ಟನ್ ಮಾತ್ರ ಕರ್ಕ್ ಅಲ್ಲ, ಅವನಿಗಿಂತ ಮೊದಲಿದ್ದ ಪೈಕ್. ಮುಂದಿನ ಕಥೆ ಸುಮಾರು ಅರವತ್ತು ವರ್ಷದ ಹಿಂದೆಯೇ ಪ್ರಸಾರವಾಗಿಬಿಟ್ಟಿದೆ, ಹಿಂದಿನದನ್ನು ಈಗ ಬರೆಯುತ್ತಿದ್ದಾರೆ. ಅಲ್ಲಲ್ಲಿ ತಾಳ ತಪ್ಪದಿದ್ದರೇ ಆಶ್ಚರ್ಯ. ಕಥೆಯ ಗುಟ್ಟುಗಳೆಲ್ಲ ಕೆಳಗೆ ಬಯಲಾಗಿವೆ. ಇನ್ನೂ ನೋಡದವರು ಪುಟ ಮಗುಚಬಹುದು.

ಖಾನ್ ನೂನಿಯನ್ ಸಿಂಗ್ ಆಳಿದ್ದು 1990ರ ದಶಕದಲ್ಲಿ ಎಂದು ಹಳೇ ಸರಣಿ ಹೇಳುತ್ತದೆ. ಹೊಸದರಲ್ಲಿ ಅವನು ನಮ್ಮ ಕಾಲದ ಟೊರೊಂಟೊದಲ್ಲಿ ಚಿಕ್ಕ ಹುಡುಗ! ಯಾವುದನ್ನು ನಂಬುವುದು? — ಹಾಸನದ ಓದುಗರು

ಎರಡನ್ನೂ ನಂಬಬೇಕು, ಆದರೆ ಒಂದು ಷರತ್ತಿನ ಮೇಲೆ. 1967ರ ಫೆಬ್ರುವರಿಯಲ್ಲಿ ಬಂದ ‘ಸ್ಪೇಸ್ ಸೀಡ್’ ಕಂತಿನಲ್ಲಿ ಖಾನ್ 1992ರಿಂದ 1996ರವರೆಗೆ ಭೂಮಿಯ ಕಾಲುಭಾಗಕ್ಕೂ ಹೆಚ್ಚು ಪ್ರದೇಶ ಆಳಿದ ಎಂದು ಸ್ಪಾಕ್ ಯಾವ ಅನುಮಾನವೂ ಇಲ್ಲದೆ ಹೇಳುತ್ತಾನೆ. ಬರೆದವರಿಗೆ 1992 ಆಗ ಇಪ್ಪತ್ತೈದು ವರ್ಷ ದೂರದ ಮಾತು. ಆ ವರ್ಷಗಳು ಬಂದವು, ಹೋದವು, ಖಾನ್ ಬರಲಿಲ್ಲ.

ಹೊಸ ಸರಣಿ ಇದನ್ನು ಎರಡು ಹೆಜ್ಜೆಯಲ್ಲಿ ಸರಿಪಡಿಸಿತು. ಮೊದಲ ಕಂತಿನಲ್ಲೇ ಪೈಕ್ ಎರಡನೇ ಅಂತರ್ಯುದ್ಧ, ಯುಜೆನಿಕ್ಸ್ ಯುದ್ಧ (ಖಾನ್‌ನಂಥ ವಂಶವಾಹಿ ತಿದ್ದಿದ ಮನುಷ್ಯರ ಕಾಲದ ಯುದ್ಧ), ಮೂರನೇ ಮಹಾಯುದ್ಧ ಮೂರನ್ನೂ ಒಂದೇ ಸರಪಳಿಗೆ ಪೋಣಿಸುತ್ತಾನೆ. ಎರಡನೇ ಸೀಸನ್ನಿನ ಮೂರನೇ ಕಂತಿನಲ್ಲಿ ಬಾಲಕ ಖಾನ್‌ನನ್ನು ಕೊಲ್ಲಲು ಬಂದ ಅನ್ಯಗ್ರಹದ ಶತ್ರುಗಳಾದ ರೊಮುಲನ್‌ರ ಗೂಢಚಾರಿಣಿ ಸೆರಾ ಸಿಟ್ಟಿನಿಂದ ಬಾಯಿಬಿಡುತ್ತಾಳೆ: ಇದೆಲ್ಲ 1992ರಲ್ಲೇ ಆಗಬೇಕಿತ್ತು, ತಾನು ಮೂವತ್ತು ವರ್ಷದಿಂದ ಇಲ್ಲೇ ಸಿಕ್ಕಿಕೊಂಡಿದ್ದೇನೆ. ಅಂದರೆ ಕಾಲದಲ್ಲಿ ಹಿಂದೆ ಹೋಗಿ ಕೈಯಾಡಿಸುವವರಿಂದ ತಾರೀಖು ಜರುಗಿದೆ, ಘಟನೆ ಅಳಿದಿಲ್ಲ. ಜಾಣ ತೇಪೆ. ಆದರೆ ತೇಪೆ ತೇಪೆಯೇ: ‘ಸ್ಪೇಸ್ ಸೀಡ್’ನ ಸ್ಪಾಕ್ ಯಾವ ದಾಖಲೆ ಓದಿ 1992 ಎಂದ ಎಂಬುದಕ್ಕೆ ತೆರೆಯ ಮೇಲೆ ಉತ್ತರವಿಲ್ಲ.

ಇದಕ್ಕಿಂತ ದೊಡ್ಡ ಪೇಚು ಲಾ-ಆನ್ ನೂನಿಯನ್-ಸಿಂಗ್. ಖಾನ್ ವಂಶದವಳು, ಅದೇ ಮನೆತನದ ಹೆಸರು, ಸ್ಪಾಕ್ ಜೊತೆ ಅದೇ ಹಡಗಿನಲ್ಲಿ ಕೆಲಸ. ಹಾಗಿದ್ದರೆ ಮುಂದೆ ‘ಸ್ಪೇಸ್ ಸೀಡ್’ನಲ್ಲಿ ಖಾನ್ ಶತಮಾನಗಳ ನಿದ್ದೆಯಿಂದ ಎದ್ದು ಕೂತಾಗ ಸ್ಪಾಕ್‌ಗೆ ಕೂಡಲೇ ಹೊಳೆಯಬಾರದಿತ್ತೇ? ಇಲ್ಲಿ ಸಂಭಾಷಣೆಯನ್ನು ಅಕ್ಷರಕ್ಷರ ಕೇಳಬೇಕು. ಆ ಮನುಷ್ಯ ತನ್ನ ಹೆಸರು ಬರೀ ‘ಖಾನ್’ ಎನ್ನುತ್ತಾನೆ, ಕರ್ಕ್ ಕೆದಕಿದರೂ ಅಷ್ಟೇ. ಪೂರ್ತಿ ಹೆಸರು ಹೊರಬೀಳುವುದು ಆಮೇಲೆ. ಅಲ್ಲಿಗೆ ಅರ್ಧ ತಕರಾರು ಬಿದ್ದುಹೋಯಿತು. ಉಳಿದರ್ಧ, ಪೂರ್ತಿ ಹೆಸರು ಗೊತ್ತಾದ ಮೇಲೂ ಸ್ಪಾಕ್ ಲಾ-ಆನ್ ಸುದ್ದಿ ಎತ್ತದಿರುವುದು. ಅದು ಮೌನ, ಸುಳ್ಳಲ್ಲ.

ಖಾನ್ ಮತ್ತು ಸಿಂಗ್ ಒಂದೇ ಹೆಸರಲ್ಲಿ ಹೇಗೆ ಸೇರಿದರು ಎಂದೂ ಹಲವರು ಕೇಳಿದ್ದೀರಿ. ಹಡಗಿನ ಇತಿಹಾಸಕಾರ್ತಿ ಅವನ ಮುಖ ನೋಡಿ ಉತ್ತರ ಭಾರತದವನು, ಬಹುಶಃ ಸಿಖ್ಖನಿರಬೇಕು ಎಂದು ಊಹಿಸುತ್ತಾಳೆ. ಪಾತ್ರ ಮಾಡಿದವರು ಮೆಕ್ಸಿಕೊ ಮೂಲದ ರಿಕಾರ್ಡೊ ಮೊಂಟಲ್ಬಾನ್. 1967ರ ಹಾಲಿವುಡ್‌ಗೆ ಅಷ್ಟು ಭಾರತ ಸಾಕಿತ್ತು.

ಗಾರ್ನ್ ಎಂಬ ಹಲ್ಲಿಯಂಥ ಅನ್ಯಗ್ರಹ ಜೀವಿಗಳನ್ನು ಕರ್ಕ್ ಮೊದಲ ಸಲ ನೋಡಿದ್ದು ‘ಅರೀನಾ’ ಕಂತಿನಲ್ಲಿ ಅಲ್ಲವೇ? ಹೊಸ ಸರಣಿಯಲ್ಲಿ ಇಡೀ ಹಡಗೇ ಅವುಗಳ ಜೊತೆ ಗುದ್ದಾಡುತ್ತಿದೆ. — ಮೈಸೂರಿನ ಓದುಗರು

ನೀವು ಹೇಳಿದ್ದು ಸರಿ, ಇದು ನಿಜವಾದ ಬಿರುಕು. 1967ರ ಜನವರಿಯ ‘ಅರೀನಾ’ದಲ್ಲಿ ಕರ್ಕ್ ತನ್ನ ಲಾಗ್‌ನಲ್ಲಿ ಎದುರಾಳಿಯನ್ನು ಮೆಟ್ರನ್‌ಗಳು (ಇಬ್ಬರನ್ನೂ ಕಾದಾಟಕ್ಕಿಳಿಸಿದ ಮಹಾಶಕ್ತಿಯ ಜೀವಿಗಳು) ಗಾರ್ನ್ ಎಂದು ಕರೆದ ಜೀವಿ ಎಂದು ದಾಖಲಿಸುತ್ತಾನೆ. ಮಾತಿನ ಧಾಟಿಯೇ ಹೇಳುತ್ತದೆ, ಆ ಹೆಸರು ಅವನಿಗೆ ಹೊಸದು. ಆ ಗ್ರಹದಲ್ಲಿ ಸಿಕ್ಕ ಗಂಧಕ, ಕಲ್ಲಿದ್ದಲು, ಪೆಟ್ಲುಪ್ಪು ಸೇರಿಸಿ ಬಿದಿರಿನಂಥ ಬೊಂಬಿಗೆ ತುಂಬಿ, ವಜ್ರಗಳನ್ನೇ ಗುಂಡಾಗಿಸಿ ಅವನು ತೋಪು ಹಾರಿಸುವುದು ಎಲ್ಲರಿಗೂ ನೆನಪಿರುವ ದೃಶ್ಯ.

ಕರ್ಕ್‌ನ ಅಜ್ಞಾನವನ್ನು ಇನ್ನೂ ಸಮರ್ಥಿಸಬಹುದು. ಹೊಸ ಸರಣಿಯಲ್ಲಿ ಅವನು ಬೇರೆ ಹಡಗಿನ ಅಧಿಕಾರಿ, ಗಾರ್ನ್ ಎದುರಿಗೆ ನಿಂತಿಲ್ಲ. ಆದರೆ ಎಂಟರ್‌ಪ್ರೈಸ್ ಸಿಬ್ಬಂದಿ ಸ್ಪಾಕ್, ಉಹುರಾ, ಸ್ಕಾಟಿ? ಸ್ಕಾಟಿ ಈ ಸರಣಿಗೆ ಕಾಲಿಡುವುದೇ ಎರಡನೇ ಸೀಸನ್ನಿನ ಕೊನೆಯ ಕಂತಿನಲ್ಲಿ, ಗಾರ್ನ್ ದಾಳಿಯ ನಡುವೆ. ಅಂಥವರು ಮುಂದೆ ‘ಅರೀನಾ’ದಲ್ಲಿ ಪರದೆಯ ಮೇಲೆ ಆ ಹಲ್ಲಿಮುಖ ಕಂಡಾಗ ಒಂದು ಮಾತೂ ಆಡದಿರುವುದು ಒಗ್ಗುವುದಿಲ್ಲ. ಹಳೇ ಗಾರ್ನ್ ರಬ್ಬರ್ ಉಡುಪಿನ ನಿಧಾನಿ, ಹೊಸದು ಚಿಗರೆಯ ಹಾಗೆ ಜಿಗಿಯುತ್ತದೆ ಎಂಬ ತಕರಾರನ್ನು ಬಿಟ್ಟುಬಿಡಿ. ಅದು ದುಡ್ಡಿನ ವ್ಯತ್ಯಾಸ, ಕಥೆಯದಲ್ಲ.

ಬರಹಗಾರರಿಗೂ ಈ ಬಿರುಕು ಗೊತ್ತಿದ್ದಂತಿದೆ. ಮೂರನೇ ಸೀಸನ್ನಿನ ಒಂಬತ್ತನೇ ಕಂತಿನಲ್ಲಿ ಪೈಲಟ್ ಓರ್ಟೆಗಾಸ್ ಮತ್ತು ಒಂದು ಗಾರ್ನ್ ನಿರ್ಜನ ಜಾಗದಲ್ಲಿ ಒಟ್ಟಿಗೆ ಸಿಕ್ಕಿಬೀಳುತ್ತಾರೆ. ಕೊನೆಗೆ ನೋಡಿದರೆ ಇದೂ ಮೆಟ್ರನ್‌ಗಳದೇ ಪರೀಕ್ಷೆ. ಅಷ್ಟು ಶಕ್ತಿಯುಳ್ಳವರನ್ನು ಕಥೆಯೊಳಗೆ ತಂದು ಕೂರಿಸಿದ ಮೇಲೆ ಯಾರ ನೆನಪನ್ನು ಏನು ಮಾಡುವುದಕ್ಕೂ ದಾರಿ ತೆರೆದ ಹಾಗೆ. ಅವರು ಆ ದಾರಿ ಹಿಡಿಯುವವರೆಗೆ ನಾನಂತೂ ಇದನ್ನು ‘ತಪ್ಪು’ ಎಂಬ ಸಾಲಿನಲ್ಲೇ ಬರೆದುಕೊಳ್ಳುತ್ತೇನೆ.

ಕ್ಲಿಂಗಾನ್ ಎಂಬ ಅನ್ಯಗ್ರಹದವರ ಹಣೆಯಲ್ಲಿ ಏಣು ಇದೆ. ಮೂಲ ಸರಣಿಯಲ್ಲಿ ಇರಲಿಲ್ಲ. — ತುಮಕೂರು

2005ರಲ್ಲಿ ಸ್ಟಾರ್ ಟ್ರೆಕ್‌ನದೇ ಇನ್ನೊಂದು ಸರಣಿ ‘ಎಂಟರ್‌ಪ್ರೈಸ್’ ಎರಡು ಕಂತು ಖರ್ಚು ಮಾಡಿ ಕಾರಣ ಕೊಟ್ಟಿತು: ವಂಶವಾಹಿ ತಿದ್ದಲು ಹೋಗಿ ಹಬ್ಬಿದ ವೈರಸ್ಸು ಕೆಲವರ ಹಣೆ ನುಣುಪಾಗಿಸಿತು. ಎಲ್ಲರದ್ದಲ್ಲ. ಆದ್ದರಿಂದ ಎರಡೂ ಬಗೆಯವರು ಒಂದೇ ಕಾಲದಲ್ಲಿ ಇರಬಹುದು.

ತನ್ನನ್ನು ಗಾಲಿಕುರ್ಚಿಗೆ ತಳ್ಳುವ ಅಪಘಾತ ಮುಂದೆ ಆಗುತ್ತದೆ ಎಂದು ಪೈಕ್‌ಗೆ ಗೊತ್ತು, ನಮಗೂ ಗೊತ್ತು. ಹಾಗಿದ್ದ ಮೇಲೆ ಕುತೂಹಲ ಎಲ್ಲಿಂದ ಬರಬೇಕು? — ಶಿರಸಿ

ಶಿರಸಿಯವರೇ ಇದನ್ನು ಕೇಳುವುದೇ? ತಾಳಮದ್ದಳೆಗೆ ಕೂತವರಿಗೆ ಕರ್ಣ ಸಾಯುತ್ತಾನೆಂದು ಮೊದಲೇ ಗೊತ್ತಿರುತ್ತದೆ, ಆದರೂ ಬೆಳಗಿನವರೆಗೆ ಕೂತಿರುತ್ತಾರೆ. ಮೊದಲ ಸೀಸನ್ನಿನ ಕೊನೆಯ ಕಂತು ನೋಡಿ. ಪೈಕ್ ತನ್ನ ಹಣೆಬರಹ ತಪ್ಪಿಸಿಕೊಂಡಿದ್ದರೆ ಏನಾಗುತ್ತಿತ್ತು ಎಂದು ತೋರಿಸಲು, 1966ರ ‘ಬ್ಯಾಲೆನ್ಸ್ ಆಫ್ ಟೆರರ್’ ಕಂತಿನ ರೊಮುಲನ್ ಮುಖಾಮುಖಿಯಲ್ಲಿ ಕರ್ಕ್ ಜಾಗಕ್ಕೆ ಅವನನ್ನು ಇಡುತ್ತಾರೆ. ಸಂದರ್ಭ ಅದೇ, ನಿರ್ಧಾರ ಬೇರೆ, ಫಲ ಯುದ್ಧ. ಹಳೆಯದನ್ನು ಮೊದಲು ನೋಡದಿದ್ದರೆ ಈ ಕಂತಿನ ಅರ್ಧ ರುಚಿ ಕಳೆದುಕೊಂಡಂತೆ.

ಇದಕ್ಕೇ ಅಂಟಿದ ಇನ್ನೊಂದು ಸೂಕ್ಷ್ಮ. 1966ರ ‘ಮೆನಾಜರಿ’ಯಲ್ಲಿ ಕರ್ಕ್ ತಾನು ಪೈಕ್‌ನನ್ನು ಭೇಟಿಯಾದದ್ದು ಅವನು ಫ್ಲೀಟ್ ಕ್ಯಾಪ್ಟನ್ ಆದಾಗ ಎನ್ನುತ್ತಾನೆ. ಹೊಸ ಸರಣಿ ಎರಡನೇ ಸೀಸನ್ನಿನ ಆರನೇ ಕಂತಿನಲ್ಲಿ ಒಂದೇ ಒಂದು ಕೆಲಸದ ಮಟ್ಟಿಗೆ ಪೈಕ್‌ಗೆ ತಾತ್ಕಾಲಿಕ ಫ್ಲೀಟ್ ಕ್ಯಾಪ್ಟನ್ ಪದವಿ ಕೊಟ್ಟು, ಅದೇ ಕಂತಿನಲ್ಲಿ ಕರ್ಕ್‌ನನ್ನು ಹಡಗಿಗೆ ಕರೆತಂದಿತು. ಹಳೇ ಮಾತಿಗೆ ಒಂದು ಗೀರೂ ಬೀಳಲಿಲ್ಲ. ಗಾರ್ನ್ ವಿಷಯದಲ್ಲೂ ಇಷ್ಟು ಶ್ರದ್ಧೆ ಇದ್ದಿದ್ದರೆ!

ನರ್ಸ್ ಚಾಪೆಲ್‌ಗೆ ಸ್ಪಾಕ್ ಜೊತೆ ಪ್ರೇಮ ತೋರಿಸಿದ್ದು ಅತಿಯಾಯಿತು. ಅವಳಿಗೆ ನಿಶ್ಚಯವಾಗಿದ್ದು ಡಾ. ಕೋರ್ಬಿ ಜೊತೆ. — ಸನ್ನಿವೇಲ್‌ನಿಂದ ಕನ್ನಡ ಓದುಗರು

ವರ್ಷಗಳನ್ನು ಕೂಡಿ ಕಳೆದು ನೋಡೋಣ. ಮೂಲ ಸರಣಿಯ ‘ವಾಟ್ ಆರ್ ಲಿಟಲ್ ಗರ್ಲ್ಸ್ ಮೇಡ್ ಆಫ್’ ಕಂತಿನಲ್ಲಿ, ಅಂದರೆ ಕಥೆಯ ಲೆಕ್ಕದಲ್ಲಿ 2266ರ ಸುಮಾರಿಗೆ, ಕೋರ್ಬಿಯಿಂದ ಸುದ್ದಿ ಬಂದು ಐದು ವರ್ಷ ಆಗಿರುತ್ತದೆ. ಅಲ್ಲಿಗೆ ಅವನು ಕಣ್ಮರೆಯಾಗಬೇಕಾದದ್ದು 2261ರ ಆಸುಪಾಸು. ಹೊಸ ಸರಣಿ 2259ರಲ್ಲಿ ಶುರು, ಮೂರನೇ ಸೀಸನ್ನಿಗೆ ಕೋರ್ಬಿ ಚಾಪೆಲ್ ಸಂಗಾತಿಯಾಗಿ ಬರುತ್ತಾನೆ. ಅವಧಿ ಬಿಗಿಯಾಗಿದೆ, ತಪ್ಪಿಲ್ಲ. ಆದರೆ ಹಳೇ ಕಂತಿನ ಪ್ರಕಾರ ಅವಳು ಸಂಶೋಧನೆಯ ವೃತ್ತಿ ಬಿಟ್ಟು ಹಡಗು ಹತ್ತಿದವಳು. ಆದ್ದರಿಂದ ಒಮ್ಮೆ ಎಂಟರ್‌ಪ್ರೈಸ್ ಬಿಟ್ಟು ಹೋಗಿ ಮತ್ತೆ ಬರಲೇಬೇಕು. ಈಗ ಅವಳು ಇರುವುದು ಹೊರಗಿನಿಂದ ಎರವಲು ಬಂದ ನಾಗರಿಕಳಾಗಿ ಎಂಬುದನ್ನು ಮರೆಯಬೇಡಿ.

1966ರ ಆ ಕಂತನ್ನು ಈಗ ಮತ್ತೊಮ್ಮೆ ಹಾಕಿ ನೋಡಿ. ರೇಡಿಯೊದಲ್ಲಿ ಕೇಳಿದ್ದು ಕೋರ್ಬಿಯ ದನಿಯೇ ಹೌದೇ ಎಂದು ಸ್ಪಾಕ್ ಅನುಮಾನಿಸಿದಾಗ ಚಾಪೆಲ್, ನಿಮಗೆ ಯಾವತ್ತಾದರೂ ನಿಶ್ಚಿತಾರ್ಥ ಆಗಿತ್ತೇ ಎಂದು ತಿರುಗಿ ಕೇಳುತ್ತಾಳೆ. ಅಂದು ಅದು ಸಾದಾ ಮಾತು. ಟಿ-ಪ್ರಿಂಗ್ ಜೊತೆ ಸ್ಪಾಕ್‌ಗೆ ಆಗಿದ್ದ ನಿಶ್ಚಯ ಹಳಿ ತಪ್ಪಿದ್ದನ್ನು ಹತ್ತಿರದಿಂದ ಕಂಡವಳ ಬಾಯಲ್ಲಿ ಇಂದು ಅದು ಚುಚ್ಚುಮಾತು. ಒಂದು ಅಕ್ಷರ ತಿದ್ದದೆ ಹಳೇ ಸಾಲಿಗೆ ಹೊಸ ಅರ್ಥ ಹೊಂದಿತು. ಅತಿಯಾಯಿತು ಎಂಬುದನ್ನು ನಾನು ಒಪ್ಪುವುದಿಲ್ಲ.

ಸ್ಟಾರ್‌ಡೇಟ್ (ಸರಣಿಯ ಕಾಲ್ಪನಿಕ ದಿನಾಂಕ) ಇಟ್ಟುಕೊಂಡು ಕಂತುಗಳನ್ನು ಕಾಲಾನುಕ್ರಮಕ್ಕೆ ಜೋಡಿಸಬಹುದೇ? ತಪ್ಪು ಹುಡುಕಲು ಎಲ್ಲಿಂದ ಶುರು ಮಾಡಲಿ? — ಬೆಳಗಾವಿ

ಸ್ಟಾರ್‌ಡೇಟ್ ನಂಬಿ ಕೆಡಬೇಡಿ. ಪೈಕ್‌ನ ಮೊದಲ ಕಂತಿನದು 1739.12. ವರ್ಷಗಟ್ಟಲೆ ಆಮೇಲೆ ನಡೆಯುವ ಕರ್ಕ್‌ನ ಸಾಹಸದ್ದು 1312.4. ಮೂಲ ಸರಣಿಯ ಪ್ರಸಾರದಲ್ಲೇ 1513.1 ಮೊದಲು ಬಂದು, 1312.4 ಎರಡು ವಾರ ಬಿಟ್ಟು ಬಂತು.

ಮೊದಲು ಏಳು ಹಳೇ ಕಂತು ನೋಡಿ: ‘ಮೆನಾಜರಿ’ಯ ಎರಡು ಭಾಗ, ‘ವಾಟ್ ಆರ್ ಲಿಟಲ್ ಗರ್ಲ್ಸ್ ಮೇಡ್ ಆಫ್’, ‘ಬ್ಯಾಲೆನ್ಸ್ ಆಫ್ ಟೆರರ್’, ‘ಅರೀನಾ’, ‘ಸ್ಪೇಸ್ ಸೀಡ್’, ‘ಅಮಾಕ್ ಟೈಮ್’. ತಲಾ ಐವತ್ತು ನಿಮಿಷ, ಒಟ್ಟು ಆರು ಗಂಟೆಯೊಳಗೆ ಮುಗಿಯುತ್ತದೆ. ಜೊತೆಗೆ ಇನ್ನೊಂದು ಸರಣಿ ‘ಸ್ಟಾರ್ ಟ್ರೆಕ್: ಡಿಸ್ಕವರಿ’ಯ ಎರಡನೇ ಸೀಸನ್, ಪುರುಸೊತ್ತಿಲ್ಲದಿದ್ದರೆ ಪೈಕ್ ತನ್ನ ಭವಿಷ್ಯ ಕಾಣುವ 12ನೇ ಕಂತಾದರೂ ಸರಿ.

ನೋಟ್‌ಬುಕ್ಕಿನಲ್ಲಿ ಕಂತು, ನಿಮಿಷ, ಹೇಳಿದವರು, ಹೇಳಿದ ಮಾತು ಎಂದು ನಾಲ್ಕು ಕಾಲಂ ಎಳೆಯಿರಿ. ಹೇಳಿದವರು ಯಾಕೆ ಮುಖ್ಯವೆಂದರೆ ಪಾತ್ರಗಳು ಸುಳ್ಳೂ ಹೇಳುತ್ತವೆ, ತಪ್ಪೂ ತಿಳಿದಿರುತ್ತವೆ. ಮಾತನ್ನು ಸಬ್‌ಟೈಟಲ್ಲಿಂದ ನಕಲು ಮಾಡಬೇಡಿ, ಜಾಗ ಸಾಲದೆ ಅಲ್ಲಿ ಪದ ಕತ್ತರಿಸಿರುತ್ತಾರೆ. ಕಿವಿಯಲ್ಲಿ ಕೇಳಿ ಬರೆಯಿರಿ. ಹಡಗಿನ ಹೊರನೋಟ ಸಾಕ್ಷಿಯಲ್ಲ: ಮೂಲ ಸರಣಿಯ ಎಫೆಕ್ಟ್‌ಗಳನ್ನು 2006ರಿಂದ ಕಂಪ್ಯೂಟರಿನಲ್ಲಿ ಹೊಸದಾಗಿ ಮಾಡಿದ್ದಾರೆ, ನೀವು ನೋಡುತ್ತಿರುವುದು ಅದೇ ಇರಬಹುದು.

ಹಳಬರು ಇಂಥ ತಪ್ಪು ಮಾಡುತ್ತಿರಲಿಲ್ಲ. — ಧಾರವಾಡ

1982ರ ಸ್ಟಾರ್ ಟ್ರೆಕ್ ಸಿನಿಮಾದಲ್ಲಿ ಖಾನ್ ಕರ್ಕ್‌ನ ಹಡಗಿನಲ್ಲಿದ್ದ ಅಧಿಕಾರಿ ಚೆಕಾವ್ ಮುಖವನ್ನು ಗುರುತು ಹಿಡಿಯುತ್ತಾನೆ. ‘ಸ್ಪೇಸ್ ಸೀಡ್’ ಮೊದಲ ಸೀಸನ್ನಿನದು. ಚೆಕಾವ್ ಸರಣಿಗೆ ಬಂದದ್ದು ಎರಡನೆಯದರಲ್ಲಿ. ಅದೂ ಬೇಡ, ಮೇಲೆ ಹೇಳಿದ 1312.4ರ ಕಂತು ಹಾಕಿ, ಗೆಳೆಯನೇ ದೇವರಾಗಹೊರಟು ಕರ್ಕ್‌ಗೆ ಗುಂಡಿ ತೋಡಿ ನಿಲ್ಲಿಸುವ ಸಮಾಧಿಕಲ್ಲಿನ ಹತ್ತಿರ ಪಾಜ್ ಒತ್ತಿ. ಜೇಮ್ಸ್ ಟಿ. ಕರ್ಕ್ ಎಂದಿರಬೇಕಾದಲ್ಲಿ ಜೇಮ್ಸ್ ಆರ್. ಕರ್ಕ್ ಎಂದು ಕೆತ್ತಿದೆ.