ಶೇಕರೂ ಫೋಟೋ ಯಾಕೆ ಕಪ್ಪಾಗುತ್ತದೆ?

ಪ್ರಶ್ನೆ: ಭೀಮಾಶಂಕರಕ್ಕೆ ಮೂರು ಸಲ ಹೋದೆ. ಕೆಂದಳಿಲು ಕಂಡಿತು, ಫೋಟೋದಲ್ಲಿ ಮಾತ್ರ ಬರೀ ಕರಿ ನೆರಳು. ಶೇಂಗಾ ಹಾಕಿ ಕೆಳಗೆ ಕರೆಯೋಣ ಅಂದರೆ ಗೈಡ್ ಬೈದರು. ಏನು ಮಾಡಲಿ?
– ಓದುಗರೊಬ್ಬರು, ಪುಣೆ

ಉತ್ತರ: ಅವರು ಬೈದದ್ದು ಸರಿ. ನಾನೂ ಗೈಡ್, ನಾನೂ ಬೈಯುತ್ತಿದ್ದೆ. ಇಲ್ಲಿಯವರು ಶೇಕರೂ ಅನ್ನುವ ಈ ಅಳಿಲು ಮಹಾರಾಷ್ಟ್ರದ ರಾಜ್ಯಪ್ರಾಣಿ, 1985ರಲ್ಲಿ ಅಲ್ಲಿ ಅಭಯಾರಣ್ಯ ಆದದ್ದೇ ಮುಖ್ಯವಾಗಿ ಇದನ್ನು ಉಳಿಸೋಕೆ. ಅದು ಬದುಕುವುದು ಮರದ ತುದಿಯಲ್ಲಿ, ಕೊಂಬೆಯಿಂದ ಕೊಂಬೆಗೆ ಹಾರಿಕೊಂಡು. ಶೇಂಗಾ ಆಸೆಗೆ ನೆಲಕ್ಕಿಳಿಯುವುದು ರೂಢಿಯಾದರೆ ನಾಯಿ ಬಾಯಿಗೆ ಸಿಗುತ್ತದೆ, ಅಲ್ವಾ?

ಫೋಟೋ ಕಪ್ಪಾಗೋದು ಆಕಾಶದಿಂದ. ಹಿಂದೆ ಬಿಳಿ ಬೆಳಕು ಜಾಸ್ತಿ ಇದ್ದರೆ ಕ್ಯಾಮೆರಾ ಅದಕ್ಕೇ ಲೆಕ್ಕ ಹಾಕಿ ಅಳಿಲನ್ನು ಕತ್ತಲಾಗಿಸುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಿ, ಅಂದರೆ ಕ್ಯಾಮೆರಾ ಒಳಗೆ ಬೀಳುವ ಬೆಳಕು ಎರಡರಷ್ಟಾಗಲಿ. ಇದಕ್ಕಿಂತ ಒಳ್ಳೆಯದು, ಜಾಗ ಬದಲಿಸಿ: ದಾರಿ ಇಳಿಜಾರಿನ ಮೇಲ್ಭಾಗದಲ್ಲಿ ಹಾದುಹೋಗುವಲ್ಲಿ ನಿಂತರೆ ಕೆಳಗಿನ ಮರದ ತುದಿ ನಿಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತದೆ, ಹಿಂದೆ ಹಸಿರು ಸಿಗುತ್ತದೆ, ಅಳಿಲಿನ ಕೆಂಪು ಮೈ ಎದ್ದು ಕಾಣುತ್ತದೆ.

ಬೆಳಗ್ಗೆ ಬೇಗ ಹೋಗಿ, ಮಧ್ಯಾಹ್ನ ಅದು ಸುಮ್ನೆ ಮಲಗಿರುತ್ತದೆ. ಎಲೆ, ಕಡ್ಡಿಯ ದುಂಡನೆ ಗೂಡು ಕಂಡರೆ ದಯವಿಟ್ಟು ಅದರ ಕೆಳಗೆ ಕಾಯಬೇಡಿ, ತಾಯಿ ಮರಿಯ ಹತ್ತಿರ ಬರೋಕೆ ಹೆದರುತ್ತದೆ.