ಪ್ರಾಥಮಿಕ ಶಾಲಾ ಶಿಕ್ಷಕರು ಲೈಂಗಿಕ ಶಿಕ್ಷಣ ಎಂದರೆ ಹಿಂಜರಿಯುವುದೇಕೆ? ಪಾಠ ಶುರುಮಾಡುವುದು ಹೇಗೆ?

ವಿಷಯ ಬೇಡ ಎನ್ನುವ ಶಿಕ್ಷಕರು ಕಡಿಮೆ. ಪೋಷಕರು ಗಲಾಟೆ ಮಾಡಿದರೆ ಬೆನ್ನಿಗೆ ಯಾರಿದ್ದಾರೆ ಎಂಬುದೇ ಹೆಚ್ಚಿನವರ ಅಳುಕು. 2007ರಲ್ಲಿ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳು ಶಾಲೆಗಳಲ್ಲಿ ಲೈಂಗಿಕ ಶಿಕ್ಷಣವೂ ಇದ್ದ ಕೇಂದ್ರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ವಿರೋಧಿಸಿದ್ದವು, ಆ ಅಳುಕು ಸುಮ್ಮನೆ ಬಂದದ್ದಲ್ಲ. ಹಾಗಾಗಿ ಮೊದಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಪಾಠದ ಚಿತ್ರಗಳನ್ನೇ ತೋರಿಸಿ, ನಡಾವಳಿಯಲ್ಲಿ ಬರೆಸಿ.

1ರಿಂದ 3ನೇ ತರಗತಿಗೆ ದೇಹದ ಭಾಗಗಳ ಸರಿಯಾದ ಹೆಸರು ಮತ್ತು ಸುರಕ್ಷಿತ, ಅಸುರಕ್ಷಿತ ಸ್ಪರ್ಶ ಸಾಕು. 'ಕೆಟ್ಟ ಸ್ಪರ್ಶ' ಅನ್ನಬೇಡಿ. ಮುದ್ದಿಸುತ್ತಲೇ ಮುಟ್ಟುವವರಿರುತ್ತಾರೆ, ಮಗುವಿಗೆ ಅದು ಕೆಟ್ಟದ್ದು ಅನ್ನಿಸದೇ ಹೋಗಬಹುದು. ಋತುಸ್ರಾವದ ಪಾಠ 5ನೇ ತರಗತಿಯಲ್ಲೇ ಬೇಕು, ಹತ್ತು ಹನ್ನೊಂದು ವಯಸ್ಸಿಗೇ ಋತುಮತಿಯಾಗುವವರಿದ್ದಾರೆ. ಆಗ ಹುಡುಗರನ್ನು ಮೈದಾನಕ್ಕೆ ಅಟ್ಟುವುದು ನಮ್ಮಲ್ಲಿ ವಾಡಿಕೆ. ಲಂಗದ ಮೇಲೆ ಕಲೆ ಕಂಡಾಗ ನಗುವವರು ಅದೇ ಹುಡುಗರು! ಮೂಲ ವಿವರಣೆ ಒಟ್ಟಿಗೇ ಇರಲಿ, ಪ್ಯಾಡ್ ಬಳಕೆ ಮಾತ್ರ ಹುಡುಗಿಯರಿಗೆ ಬೇರೆಯಾಗಿ ಹೇಳಿ.

ಪ್ರಶ್ನೆಪೆಟ್ಟಿಗೆ ಇಟ್ಟರೂ ಖಾಲಿ ಉಳಿಯುತ್ತದೆ, ಏಕೆಂದರೆ ಚೀಟಿ ಹಾಕಿದವರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ಎಲ್ಲರಿಗೂ ಒಂದೇ ಅಳತೆಯ ಚೀಟಿ ಕೊಡಿ; ಪ್ರಶ್ನೆ ಇಲ್ಲದವರು 'ಇಲ್ಲ' ಎಂದು ಬರೆದು ಹಾಕಲಿ. ಉತ್ತರ ಮರುದಿನ ಕೊಡಿ, ತಯಾರಿಗೂ ಸಮಯ ಸಿಗುತ್ತದೆ.

ಪಾಠದ ನಂತರ ಮಗುವೊಂದು ದೌರ್ಜನ್ಯದ ಬಗ್ಗೆ ಬಾಯಿಬಿಟ್ಟರೆ ಕೆದಕಬೇಡಿ, ಮನೆಯವರೊಡನೆ 'ರಾಜಿ' ಬೇಡವೇ ಬೇಡ. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ ಬರೆದಿಟ್ಟು ಪೊಲೀಸರಿಗೆ ತಿಳಿಸಿ. ನೆರವಿಗೆ ಮಕ್ಕಳ ಸಹಾಯವಾಣಿ 1098 ಇದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವರದಿ ಕಡ್ಡಾಯ. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ; ಕೈಕೆಳಗಿನವರ ಕೃತ್ಯ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ.