ಸೈಕಲ್ ಹುಡುಗರು ಎಲ್ಲಿಗೆ ಹೋಗಬೇಕು, ಅಕ್ಕೋರೇ?

ಓದುಗರ ಪತ್ರ: "ನಾನು ಕಲಬುರಗಿಯವಳು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಳಾದೆ. ಮೊಣಕಾಲು ನೋವಿಗೆ ದಿನಾ ನಡೆಯಿರಿ ಅಂತ ಡಾಕ್ಟರ್ ಹೇಳಿದ್ದಾರೆ. ಮನೆ ಹತ್ತಿರವೇ ಕೆರೆ ದಂಡೆಯ ಮೇಲೆ ದೊಡ್ಡ ದೊಡ್ಡ ಮರಗಳಿರುವ ಉದ್ಯಾನವಿದೆ. ಆದರೆ ನಡೆಯುವ ಹಾದಿಯ ಮೇಲೇ ಹುಡುಗರು ಸೈಕಲ್ ಹೊಡೆಯುತ್ತಾರೆ. ಹೋದ ವಾರ ಬೇವಿನ ಮರದ ಹತ್ತಿರ ಒಬ್ಬ ಹಿಂದಿನಿಂದ ಬಂದು ಹ್ಯಾಂಡಲ್ ತಾಗಿಸಿದ. ಬಿದ್ದೆ, ಮೊಣಕೈ ತರಚಿತು. ಉದ್ಯಾನದೊಳಗೆ ಸೈಕಲ್ ಬರಕೂಡದು ಅಂತ ಬೋರ್ಡ್ ಹಾಕಿಸಬೇಕು. ನಿಮ್ಮ ಪತ್ರಿಕೆ ಇದಕ್ಕೆ ದನಿಗೂಡಿಸಬೇಕು." — ನಿವೃತ್ತ ಶಿಕ್ಷಕಿ

ಅಕ್ಕೋರೇ, ಶರಣು.

ಮೊದಲು ಮೊಣಕೈ ಹೇಗಿದೆ ಹೇಳಿ. ಅರವತ್ತು ದಾಟಿದ ಮೇಲೆ ಬೀಳೋದು ಸಣ್ಣ ಮಾತಲ್ಲ. ನಮ್ಮ ಅತ್ತೆ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡು ಏಳು ತಿಂಗಳು ಹಾಸಿಗೆ ಹಿಡಿದಿದ್ದನ್ನು ನಾನು ನೋಡಿದ್ದೇನೆ. ನಡೆಯುವವರಿಗೆ ಹೆದರಿಕೆ ಇಲ್ಲದ ಹಾದಿ ಬೇಕು, ಅದು ನಿಮ್ಮ ಹಕ್ಕು. ಇಲ್ಲಿಯವರೆಗೆ ನಾನು ನಿಮ್ಮ ಜೊತೆಗಿದ್ದೇನೆ. ಬೋರ್ಡಿನ ಮಾತಿಗೆ ಮಾತ್ರ ದನಿಗೂಡಿಸಲಾರೆ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪತ್ರ ಬಂದ ಮೂರನೇ ದಿನ ನಾನೇ ಆ ಉದ್ಯಾನಕ್ಕೆ ಹೋಗಿದ್ದೆ. (ಅದರ ಹೆಸರನ್ನು ನಿಮ್ಮ ಪತ್ರದಿಂದ ತೆಗೆದಿದ್ದೇನೆ. ನಮ್ಮ ಕಡೆಯ ಮುಕ್ಕಾಲು ಉದ್ಯಾನಗಳ ಪಾಡು ಇದೇ, ಒಂದನ್ನೇ ಹಿಡಿದು ಬೈದರೆ ತಪ್ಪಾಗುತ್ತದೆ.) ಬೆಳಗ್ಗೆ ಆರು ಗಂಟೆ. ಕೆರೆ ಮೇಲಿನ ಗಾಳಿ ತಣ್ಣಗಿತ್ತು. ಬೇವಿನ ಹೂ ಹಾದಿ ತುಂಬಾ ಉದುರಿತ್ತು. ಶಹಾಬಾದ್ ಫರಸಿ, ಅಂದರೆ ಚಪ್ಪಡಿ ಕಲ್ಲು ಹಾಸಿದ ಹಾದಿ. ಹೆಜ್ಜೆ ಹಾಕಿ ಅಳೆದೆ: ಐದು ಅಡಿ, ಕೆಲವು ಕಡೆ ನಾಲ್ಕೂವರೆ. ನೀವು ಹೇಳಿದ ಆ ದೊಡ್ಡ ಬೇವಿನ ಮರದ ಬುಡದಲ್ಲಿ ಬೇರು ಉಬ್ಬಿ ಒಂದು ಫರಸಿ ನಾಲ್ಕು ಬೆರಳು ಮೇಲೆದ್ದಿದೆ. ಅದನ್ನು ಎಡವಬಾರದು ಅಂತ ನಡೆಯುವವರೆಲ್ಲ ಎಡಕ್ಕೆ ಸರಿಯುತ್ತಾರೆ. ಸೈಕಲ್‌ನವರೂ ಎಡಕ್ಕೇ ಸರಿಯುತ್ತಾರೆ. ಅಲ್ಲಿ ಉಳಿಯುವ ಜಾಗ ಮೂರು ಅಡಿ. ನೀವು ಬಿದ್ದಿದ್ದು ಅಲ್ಲೇ ಅಲ್ವಾ?

ಒಬ್ಬ ಹುಡುಗ ಸಿಕ್ಕ. ಹನ್ನೊಂದೋ ಹನ್ನೆರಡೋ ವಯಸ್ಸು. ಸೈಕಲ್ ಅವನ ಅಣ್ಣನದು, ಸೀಟಿನ ಮೇಲೆ ಕೂತರೆ ಕಾಲು ಪೆಡಲ್‌ಗೆ ಎಟುಕೋದಿಲ್ಲ, ಹಾಗಾಗಿ ನಿಂತುಕೊಂಡೇ ತುಳಿಯುತ್ತಿದ್ದ. ಹಿಂದಿನ ಬ್ರೇಕ್ ಇರಲಿಲ್ಲ. ನಿಲ್ಲಿಸಬೇಕಾದರೆ ಚಪ್ಪಲಿಯನ್ನು ಗಾಲಿಗೆ ಒತ್ತುತ್ತಿದ್ದ, ಬಲಗಾಲಿನ ಚಪ್ಪಲಿಯ ಹಿಮ್ಮಡಿ ಅರ್ಧ ಸವೆದುಹೋಗಿತ್ತು. ಬೆಲ್ಲೂ ಇಲ್ಲ.

"ರೋಡಿನ ಮ್ಯಾಲ ಯಾಕ ಹೊಡೆಯಂಗಿಲ್ಲೋ ತಮ್ಮಾ?" ಅಂತ ಕೇಳಿದೆ.

"ನಮ್ಮವ್ವ ಬೈತಾಳ್ರೀ. ಟಿಪ್ಪರ್ ಭಾಳ ಅಡ್ಡಾಡ್ತಾವ" ಅಂದ.

ಅವರವ್ವ ಹೇಳಿದ್ದರಲ್ಲಿ ತಪ್ಪೇನಿದೆ? ಆ ತಾಯಿ ನಿಮ್ಮ ಶಾಲೆಯಲ್ಲೇ ಓದಿದವಳಿರಬಹುದು.

ಲೆಕ್ಕ ಹಾಕಿ ನೋಡಿ. ಮಕ್ಕಳು ಉತ್ಸಾಹದಲ್ಲಿ ತುಳಿದರೆ ಸೈಕಲ್ ಗಂಟೆಗೆ 15 ಕಿಲೋಮೀಟರ್ ಓಡುತ್ತದೆ. ಅಂದರೆ ಸೆಕೆಂಡಿಗೆ ನಾಲ್ಕು ಮೀಟರ್‌ಗೂ ಜಾಸ್ತಿ. ನೀವು ಎರಡು ಹೆಜ್ಜೆ ಇಡುವಷ್ಟರಲ್ಲಿ ಅವನು ಹದಿಮೂರು ಅಡಿ ದಾಟಿರುತ್ತಾನೆ. ಹಿಂದಿನಿಂದ ಬರುವ ಸೈಕಲ್ ಸದ್ದು ಮಾಡುವುದಿಲ್ಲ. ಐದು ಅಡಿ ಹಾದಿಯಲ್ಲಿ ಇಬ್ಬರು ಮಾತಾಡುತ್ತಾ ಜೊತೆಜೊತೆಗೆ ಹೊರಟರೆ ಹಾದಿ ಅಲ್ಲಿಗೇ ತುಂಬಿತು. ಬರೀ ನಡೆಯುವವರಿಗೇ ಕನಿಷ್ಠ 1.8 ಮೀಟರ್, ಅಂದರೆ ಹತ್ತಿರ ಹತ್ತಿರ ಆರು ಅಡಿ ಬಿಡಬೇಕು ಅಂತ ದೇಶದ ರಸ್ತೆಗಳಿಗೆ ಅಳತೆ ಗೊತ್ತುಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರ ಮಾರ್ಗಸೂಚಿಯಲ್ಲಿ ಹೇಳಿದೆ. ಅದು ಬೀದಿ ಬದಿಯ ಫುಟ್‌ಪಾತಿಗೆ ಹೇಳಿದ ಅಳತೆ. ನಮ್ಮ ಉದ್ಯಾನದ ಹಾದಿ ಅಷ್ಟೂ ಇಲ್ಲ. ಹೋದ ವಾರ ಹ್ಯಾಂಡಲ್ ತಾಗಿಸಿದ ಹುಡುಗ ನಿಮ್ಮನ್ನು ಬೀಳಿಸಿದ ಅನ್ನೋದು ನಿಜ, ಅವನು ಕ್ಷಮೆ ಕೇಳಬೇಕು. ಆದರೆ ಇಬ್ಬರಿಗೂ ಸಾಲದ ಹಾದಿಯನ್ನು ಇಬ್ಬರಿಗೂ ಕೊಟ್ಟವರ ತಪ್ಪು ಅವನದಕ್ಕಿಂತ ದೊಡ್ಡದು.

ಈ ಜಗಳ ಎಷ್ಟು ಹಳೆಯದು ಗೊತ್ತಾ? 1817ರಲ್ಲಿ ಜರ್ಮನಿಯ ಮ್ಯಾನ್‌ಹೈಮ್ ಊರಿನಲ್ಲಿ ಕಾರ್ಲ್ ಡ್ರೈಸ್ ಎಂಬಾತ ಮರದ ಎರಡು ಗಾಲಿಯ ಬಂಡಿ ಮಾಡಿದ. ಪೆಡಲ್ ಇರಲಿಲ್ಲ, ಕಾಲಿನಿಂದ ನೆಲ ಒದ್ದು ಓಡಿಸಬೇಕು. ಇವತ್ತಿನ ಸೈಕಲ್‌ಗೆ ಅದೇ ಅಜ್ಜ. ಆಗಿನ ರಸ್ತೆಗಳೆಲ್ಲ ಗಾಡಿಯ ಚಕ್ರ ಕೊರೆದು ಹಳ್ಳ ಬಿದ್ದಿದ್ದವು. ಅದರ ಮೇಲೆ ಎರಡು ಗಾಲಿಯಲ್ಲಿ ಸಮತೋಲನ ಹಿಡಿಯೋದು ಹೇಗೆ? ಜನ ಅದನ್ನು ನಡೆಯುವವರ ಹಾದಿಗೆ ತಂದರು. ಅದೇ ವರ್ಷ ಮುಗಿಯುವಷ್ಟರಲ್ಲಿ ಆ ಊರಿನಲ್ಲಿ ಫುಟ್‌ಪಾತ್ ಮೇಲೆ ಅದನ್ನು ಓಡಿಸಬಾರದು ಅಂತ ಆದೇಶ ಬಂತು. ರಸ್ತೆ ಸರಿಮಾಡಲಿಲ್ಲ, ಬಂಡಿಯನ್ನೇ ಓಡಿಸಬೇಡ ಅಂದರು. ಇನ್ನೂರು ವರ್ಷ ಆದ ಮೇಲೆ ಕಲಬುರಗಿಯಲ್ಲಿ ಕೂತು ನಾವು ಅದೇ ಆದೇಶ ಮತ್ತೆ ಬರೆಯಬೇಕಾ?

ಬೇರೆ ಥರ ಮಾಡಿದವರೂ ಇದ್ದಾರೆ. ಅಮೆರಿಕದ ಮಿನಿಯಾಪೊಲಿಸ್ ನಗರದ ನಡುವೆಯೇ ಕೆರೆಗಳ ಸಾಲಿದೆ, ಸುತ್ತ ಉದ್ಯಾನಗಳು, ಮರಗಳು. ಅಲ್ಲಿ ಕೆರೆಯ ಸುತ್ತ ನಡೆಯುವವರಿಗೊಂದು ಹಾದಿ, ಸೈಕಲ್‌ಗೆ ಇನ್ನೊಂದು ಹಾದಿ. ಹ್ಯಾರಿಯೆಟ್ ಕೆರೆಯ ಸುತ್ತ ಸೈಕಲ್ ಒಂದೇ ದಿಕ್ಕಿಗೆ ಹೋಗಬೇಕು, ಎದುರುಬದುರು ಬರುವಂತಿಲ್ಲ. ಕೆನಡಾದ ವ್ಯಾಂಕೂವರ್‌ನ ಸ್ಟ್ಯಾನ್ಲಿ ಪಾರ್ಕ್ ಇನ್ನೂ ದೊಡ್ಡದು, ಸುಮಾರು 400 ಹೆಕ್ಟೇರ್, ಒಳಗೆ ನಿಜವಾದ ಕಾಡೇ ಇದೆ. ಅದರ ಅಂಚಿನಲ್ಲಿ ಸಮುದ್ರದ ಗೋಡೆಯ ಮೇಲೆ ಒಂಬತ್ತು ಕಿಲೋಮೀಟರ್‌ನಷ್ಟು ಹಾದಿ. ಅದನ್ನು ಉದ್ದಕ್ಕೆ ಸೀಳಿ ನಡೆಯುವವರನ್ನೂ ಸೈಕಲ್‌ನವರನ್ನೂ ಬೇರೆ ಮಾಡಿದ್ದಾರೆ. ಸೈಕಲ್ ಗಡಿಯಾರದ ವಿರುದ್ಧ ದಿಕ್ಕಿಗೆ ಮಾತ್ರ. ಆದರೆ ಒಳಗೆ ಕಾಡಿನ ಹೆಚ್ಚಿನ ಕಾಲುದಾರಿಗಳಲ್ಲಿ ಸೈಕಲ್ ಬಿಡುವುದಿಲ್ಲ, ಅವು ನಡೆಯುವವರಿಗೇ ಸೇರಿದ್ದು. ನನಗೆ ಹಿಡಿಸಿದ್ದು ಇದು. ಸೈಕಲ್‌ಗೆ ಜಾಗ ಕೊಟ್ಟ ಊರಿಗೆ ಮಾತ್ರ ಇಲ್ಲಿ ಬೇಡ ಅನ್ನುವ ಅಧಿಕಾರ ಇರುತ್ತದೆ.

ನಮ್ಮ ಊರು ಅಮೆರಿಕ ಅಲ್ಲ, ದುಡ್ಡೆಲ್ಲಿದೆ ಅಂತೀರಾ? ದುಡ್ಡಿನ ಮಾತಿಗೆ ಬರ್ತೇನೆ. ಮೊದಲು ನೆಲದ ಮಾತು ಆಗಲಿ.

ನಮ್ಮದು ಎರೆ ಭೂಮಿ ಅಲ್ವಾ? ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಸುಮ್ನೆ ಫರಸಿಯೋ ಸಿಮೆಂಟ್ ಇಟ್ಟಿಗೆಯೋ ಜೋಡಿಸಿದರೆ ಎರಡು ಮಳೆಗಾಲದಲ್ಲಿ ಒಂದು ಏರುತ್ತದೆ, ಒಂದು ಇಳಿಯುತ್ತದೆ. ಮನೆ ಕಟ್ಟುವ ಯಾವ ಗೌಂಡಿಯನ್ನು ಕೇಳಿದರೂ ಹೇಳುತ್ತಾನೆ: ಕರಿ ಮಣ್ಣು ತೆಗೆದು ಮುರುಂ, ಅಂದರೆ ಗರಸು ಮಣ್ಣು ತುಂಬಿ ಗಟ್ಟಿ ಕೂರಿಸಬೇಕು. ಹಾದಿಗೂ ಇದೇ ಕೆಲಸ. ಹಾದಿಯ ನಡುವೆ ಸ್ವಲ್ಪ ಎತ್ತರ ಮಾಡಿ ಎರಡೂ ಬದಿಗೆ ಇಳಿಜಾರು ಕೊಟ್ಟರೆ ನೀರು ನಿಲ್ಲುವುದಿಲ್ಲ. ಮೇಲೆ ಕಲ್ಲು ಬೇಕಾಗಿಯೇ ಇಲ್ಲ. ಮುರುಂ ಹಾದಿ ನಿಮ್ಮ ಮೊಣಕಾಲಿಗೂ ಒಳ್ಳೆಯದು, ಕಲ್ಲಿನಷ್ಟು ಪೆಟ್ಟು ಕೊಡುವುದಿಲ್ಲ. ಮಳೆಯಲ್ಲಿ ನುಣುಪು ಫರಸಿಯ ಮೇಲೆ ಜಾರಿದಷ್ಟು ಜಾರುವುದೂ ಇಲ್ಲ. ಮೇ ತಿಂಗಳಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟುತ್ತದೆ, ಸಂಜೆ ಏಳಕ್ಕೂ ಫರಸಿ ಕೆಂಡ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ನಾನು ನಡೆದಿದ್ದೇನೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಆದ ಕೆರೆ, ಕುವೆಂಪು ದಿನಾ ನಡೆಯುತ್ತಿದ್ದ ಜಾಗ. ಮಣ್ಣಿನ ಹಾದಿ, ತಲೆ ಮೇಲೆ ಮರ, ಪಕ್ಕದಲ್ಲಿ ನೀರು. ಅಲ್ಲಿ ಎರಡು ಸುತ್ತು ಹಾಕಿದರೂ ನನಗೆ ಕಾಲು ನೋಯಲಿಲ್ಲ.

ಮರದ ವಿಷಯವೂ ಇದರಲ್ಲೇ ಬರುತ್ತದೆ. ಮರಕ್ಕೆ ನೀರು ಕುಡಿಸುವ ಬೇರುಗಳು ಹೆಚ್ಚಾಗಿ ಮೇಲಿನ ಎರಡಡಿ ಮಣ್ಣಿನಲ್ಲೇ ಇರುತ್ತವೆ. ಬುಡದ ತನಕ ಸಿಮೆಂಟ್ ಬಳಿದರೆ ಮಳೆ ನೀರು ಎಲ್ಲಿ ಇಳಿಯಬೇಕು, ಬೇರಿಗೆ ಗಾಳಿ ಎಲ್ಲಿಂದ ಬರಬೇಕು? ನಿಮ್ಮ ಬೇವಿನ ಮರ ಫರಸಿ ಎತ್ತಿದ್ದು ಉಸಿರಾಡೋಕೆ. ಎರಡನೇ ಹಾದಿ ಮಾಡುವಾಗ ಮರ ಕಡಿದು ನೇರ ಮಾಡುವವರು ಬರುತ್ತಾರೆ, ಅವರನ್ನು ನೀವೇ ತಡೆಯಬೇಕು. ಹಾದಿ ಮರವನ್ನು ಬಳಸಿಕೊಂಡು ಹೋಗಲಿ. ಹಾದಿ ಡೊಂಕಾದರೆ ಸೈಕಲ್ ತಾನಾಗೇ ನಿಧಾನ ಆಗುತ್ತದೆ. ನಮ್ಮ ಜಿಲ್ಲೆಯಲ್ಲಿ ಕಾಡು ಅಂತ ಹೇಳಿಕೊಳ್ಳೋಕೆ ಇರುವುದು ಚಿಂಚೋಳಿ ಕಡೆ, ಆ ವನ್ಯಜೀವಿ ಧಾಮ ಸುಮಾರು 134 ಚದರ ಕಿಲೋಮೀಟರ್. ಪೇಟೆಯ ಮಕ್ಕಳು ಅದನ್ನು ನೋಡೋದು ಶಾಲೆಯ ಟ್ರಿಪ್ ಹೋದರೆ ಉಂಟು, ಇಲ್ಲದಿದ್ದರೆ ಇಲ್ಲ. ಅವರ ಪಾಲಿನ ಕಾಡು ಈ ಕೆರೆ ದಂಡೆಯ ನಲವತ್ತು ಐವತ್ತು ಮರಗಳು. ಅದರೊಳಗೂ ಬರಬೇಡ ಅಂತ ನಾವು ಹೇಳೋದಾ?

ಈಗ ನಿಮಗೇ ಒಂದು ಮಾತು, ಸಿಟ್ಟಾಗಬೇಡಿ. ನೀವು ಹೈಸ್ಕೂಲಿನಲ್ಲಿ ಪಾಠ ಮಾಡಿದವರು. 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರುಮಾಡಿತಲ್ಲ, ಆಗ ನೀವು ಸೇವೆಯಲ್ಲಿದ್ದಿರಬೇಕು. ನನಗೆ ಆ ದಿನಗಳು ಚೆನ್ನಾಗಿ ನೆನಪಿವೆ. ಎರಡು ಜಡೆ, ಹಿಂದೆ ಕ್ಯಾರಿಯರ್ ಮೇಲೆ ಗೆಳತಿ, ಹ್ಯಾಂಡಲ್‌ಗೆ ಟಿಫಿನ್ ಚೀಲ. ಹಳ್ಳಿ ದಾರಿಯಲ್ಲಿ ಹತ್ತು ಹದಿನೈದು ಹುಡುಗಿಯರು ಸಾಲಾಗಿ ಬರುತ್ತಿದ್ದರು. ಬಸ್ಸಿಲ್ಲ ಅಂತ ಏಳನೇ ಕ್ಲಾಸಿಗೇ ಶಾಲೆ ಬಿಡಬೇಕಾಗಿದ್ದ ಹುಡುಗಿ ಹತ್ತನೇ ಕ್ಲಾಸ್ ಮುಗಿಸಿದ್ದನ್ನು ನಮ್ಮ ಓಣಿಯಲ್ಲೇ ಕಂಡಿದ್ದೇನೆ. ಆಮೇಲೆ ಕೊರೊನಾ ಬಂತು, ಸೈಕಲ್ ಕೊಡೋದು ನಿಂತಿತು. ಅದು ನಿಂತಿದ್ದಕ್ಕೆ ಒಂದೂ ಪತ್ರ ನನಗೆ ಬರಲಿಲ್ಲ, ಅಕ್ಕೋರೇ. ಸೈಕಲ್ ನಿಲ್ಲಿಸಿ ಅಂತ ನಿಮ್ಮ ಪತ್ರ ಬಂತು.

ನಾನು ಸೈಕಲ್ ಕಲಿತದ್ದು ಬಾಡಿಗೆ ಸೈಕಲ್ ಮೇಲೆ, ತಾಸಿಗೆ ಎಂಟಾಣೆ. ಚೌಕಟ್ಟಿನೊಳಗಿಂದ ಕಾಲು ತೂರಿಸಿ, ಅರ್ಧ ಪೆಡಲ್ ಹೊಡೆಯುತ್ತಾ. ಬಿದ್ದು ಎದ್ದು ಕಲಿತದ್ದು ಶಾಲೆಯ ಮೈದಾನದಲ್ಲಿ. ಈಗ ಬಾಡಿಗೆ ಸೈಕಲ್ ಅಂಗಡಿ ನನ್ನ ಕಣ್ಣಿಗೆ ಬೀಳುವುದಿಲ್ಲ. ಆ ಮೈದಾನಕ್ಕೆ ಸಂಜೆ ಬೀಗ. ಖಾಲಿ ಜಾಗ ಇದ್ದಲ್ಲೆಲ್ಲ ಸೈಟ್ ಮಾಡಿ ಕಲ್ಲು ನೆಟ್ಟಿದ್ದಾರೆ. ಓಣಿಯಲ್ಲಿ ಕಾರು ನಿಂತಿವೆ. ಉಳಿದಿದ್ದು ಕೆರೆ ಉದ್ಯಾನ ಒಂದೇ. ಅಲ್ಲಿ ಏನು ನೋಡಿದೆ ಹೇಳಲಾ? ಗೇಟಿನಿಂದ ಒಳಗೆ ಏಳು ಬೋರ್ಡ್. ಹೂ ಕೀಳಬಾರದು, ಹುಲ್ಲಿನ ಮೇಲೆ ಕೂರಬಾರದು, ಚೆಂಡಾಡಬಾರದು, ಗಿಡ ಹತ್ತಬಾರದು. ಇಲ್ಲಿ ಇದನ್ನು ಮಾಡಬಹುದು ಅಂತ ಮಕ್ಕಳಿಗೆ ಹೇಳುವ ಬೋರ್ಡ್ ಒಂದೂ ಇಲ್ಲ. ನೀವು ಕೇಳುತ್ತಿರುವುದು ಎಂಟನೆಯದು.

ದುಡ್ಡಿನ ಮಾತು ಅಂದೆ. ಅದೇ ಉದ್ಯಾನದಲ್ಲಿ ದೊಡ್ಡ ಕಮಾನು ಇದೆ, ಬಣ್ಣದ ದೀಪ ಇದೆ, ನೀರು ಬರದ ಕಾರಂಜಿ ಇದೆ, ಫೋಟೊ ತೆಗೆಸಿಕೊಳ್ಳೋಕೆ ಊರಿನ ಹೆಸರಿನ ದೊಡ್ಡ ಅಕ್ಷರಗಳಿವೆ. ಕಾಂಪೌಂಡ್ ಗೋಡೆಯ ಪಕ್ಕ ಎಂಟು ಹತ್ತು ಅಡಿ ಅಗಲದ ಪಟ್ಟಿ ಮುಳ್ಳುಕಂಟಿ ಬೆಳೆದು ಹಾಳು ಬಿದ್ದಿದೆ, ಪೂರ್ತಿ ಸುತ್ತು. ಆ ಕಮಾನಿನ ದುಡ್ಡಿಗೆ ಅಲ್ಲಿ ಮುರುಂ ಹಾಸಿ ಸೈಕಲ್ ಹಾದಿ ಮಾಡಬಹುದಿತ್ತು. ಕೆರೆ ಕಡೆಯ ಹಾದಿ ಪೂರ್ತಿ ನಿಮ್ಮದಾಗುತ್ತಿತ್ತು. ಇನ್ನೊಂದು ಹೇಳ್ತೇನೆ, ನಾನು ಅಲ್ಲಿದ್ದ ಒಂದು ತಾಸಿನಲ್ಲಿ ಮೂರು ಮೋಟರ್ ಸೈಕಲ್ ಆ ಹಾದಿಯ ಮೇಲೆ ಹೋದವು, ಬಡಾವಣೆಯ ಆ ಕಡೆಗೆ ಅಡ್ಡದಾರಿ ಅಂತ. ಅವುಗಳ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ. ದೊಡ್ಡವರು ಮಾಡಿದರೆ ನಮಗೆ ಅಭ್ಯಾಸ ಆಗಿಬಿಟ್ಟಿರುತ್ತದೆ, ಮಕ್ಕಳು ಮಾಡಿದರೆ ಮಾತ್ರ ಕಣ್ಣಿಗೆ ಬೀಳುತ್ತದೆ.

ಎರಡನೇ ಹಾದಿ ಆಗುವವರೆಗೆ ನೀವು ಬೀಳುತ್ತಲೇ ಇರಬೇಕು ಅಂತ ನಾನು ಹೇಳುವುದಿಲ್ಲ. ಬೆಳಗ್ಗೆ ಐದೂವರೆಯಿಂದ ಏಳೂವರೆ ನಡೆಯುವವರಿಗೆ ಮಾತ್ರ. ಸಂಜೆ ನಾಲ್ಕರಿಂದ ಆರು ಮಕ್ಕಳ ಸೈಕಲ್‌ಗೆ, ಒಂದೇ ದಿಕ್ಕಿಗೆ. ಬೆಲ್ ಇಲ್ಲದೆ ಒಳಗೆ ಬಿಡಬಾರದು, ಬ್ರೇಕ್ ಇಲ್ಲದೆ ಬಿಡಲೇಬಾರದು. ಗೇಟಿನಲ್ಲಿ ಸೈಕಲ್ ತಳ್ಳಿಕೊಂಡು ಹೋಗುವಷ್ಟು ಸಂದು ಬಿಟ್ಟು ಕಬ್ಬಿಣದ ಕಂಬ ನೆಟ್ಟರೆ ಮೋಟರ್ ಸೈಕಲ್ ಬರುವುದಿಲ್ಲ. ಮೇಲೆದ್ದ ಆ ಫರಸಿಯನ್ನು ಕಿತ್ತು ಮುರುಂ ತುಂಬಬೇಕು, ಅದು ಒಂದು ದಿನದ ಕೆಲಸ.

ಇಷ್ಟನ್ನೂ ಒಂದು ಅರ್ಜಿಯಾಗಿ ಬರೆದಿಟ್ಟಿದ್ದೇನೆ. ಮೊದಲ ಸಹಿಗೆ ಜಾಗ ಬಿಟ್ಟಿದ್ದೇನೆ, ಅದು ನಿಮ್ಮದೇ ಆಗಬೇಕು. ಬಿದ್ದವರೇ ಕೇಳಿದರೆ ಇಲ್ಲ ಅನ್ನೋದು ಯಾರಿಗೂ ಕಷ್ಟ. ಬರುವ ಭಾನುವಾರ ಬೆಳಗ್ಗೆ ಆರಕ್ಕೆ ಆ ಬೇವಿನ ಮರದ ಹತ್ತಿರ ಇರ್ತೇನೆ, ಅಳತೆ ಟೇಪು ತರ್ತೇನೆ. ಗೋಡೆ ಪಕ್ಕದ ಪಟ್ಟಿಯನ್ನು ಸುತ್ತ ಅಳೆದುಬಿಡೋಣ. ಟೇಪಿನ ಇನ್ನೊಂದು ತುದಿ ಹಿಡಿಯೋಕೆ ಆ ಹುಡುಗನಿಗೆ ಹೇಳಿದ್ದೇನೆ, ಬರ್ತೇನೆ ಅಂದಿದ್ದಾನೆ. ಬ್ರೇಕ್ ಹಾಕಿಸಿಕೊಂಡೇ ಬಾ ಅಂತಲೂ ಹೇಳಿದ್ದೇನೆ.